ಸಂಡೂರಿನ ಕಬ್ಬಿಣ ಮತ್ತು ನಮ್ಮ ಎದೆಯೊಳಗಿನ ವಿಗ್ರಹ

ಹಂಪಿಯ ಆಸುಪಾಸಿನಲ್ಲಿ ಹುಟ್ಟಿ ಬೆಳೆದ ಮುಸ್ಲಿಮನಿಗೆ ಸುಲಭದ ಒಂದು ಆತ್ಮತೃಪ್ತಿ ಇರುತ್ತದೆ. ಸುತ್ತಲೂ ಕಲ್ಲಿನ ಮೂರ್ತಿಗಳಿವೆ, ನಾನು ಯಾವುದಕ್ಕೂ ತಲೆಬಾಗುವುದಿಲ್ಲ, ಆದ್ದರಿಂದ ತೌಹೀದ್‌ನ ವಿಷಯದಲ್ಲಿ ನನ್ನ ಲೆಕ್ಕ ಚುಕ್ತಾ ಆಗಿದೆ ಎಂಬ ತೃಪ್ತಿ ಅದು. ಈ ಬರಹವು ಆ ತೃಪ್ತಿಯ ವಿರುದ್ಧವಾಗಿದೆ. ನೆರೆಯವರ ಆರಾಧನೆಯ ಕುರಿತು ಇಲ್ಲಿ ಮಾತಿಲ್ಲ. ಅವರು ಪೂಜಿಸುವವುಗಳನ್ನು ನಿಂದಿಸಬಾರದೆಂದು ಪವಿತ್ರ ಕುರ್‌ಆನ್ (6:108) ನಮ್ಮನ್ನು ಸ್ಪಷ್ಟವಾಗಿ ತಡೆದಿದೆ. ನಮಾಝಿನ ಚಾಪೆ ಹಾಸಿದ ಅದೇ ಕೋಣೆಯಲ್ಲಿ ನಾವೇ ಪ್ರತಿಷ್ಠಾಪಿಸಿಕೊಂಡ ವಿಗ್ರಹದ ಬಗ್ಗೆ ಮಾತ್ರ ನನ್ನ ಮಾತು.

ಯಾವುದು ಕೈಯಲ್ಲಿದ್ದರೆ ತಾನು ಸುರಕ್ಷಿತ, ಯಾವುದು ಹೋದರೆ ತಾನೇ ಇಲ್ಲ ಎಂದು ಮನುಷ್ಯನು ಭಾವಿಸುತ್ತಾನೋ, ಯಾವುದಕ್ಕಾಗಿ ಹಲಾಲ್-ಹರಾಮ್‌ಗಳ ಗೆರೆಯನ್ನು ಸದ್ದಿಲ್ಲದೆ ಅಳಿಸಿ ಸ್ವಲ್ಪ ಪಕ್ಕಕ್ಕೆ ಎಳೆಯುತ್ತಾನೋ, ಅದುವೇ ಅವನ ಇಲಾಹ್. ಅದಕ್ಕೆ ಕಣ್ಣು, ಮೂಗು, ಕೈಕಾಲು ಇರಬೇಕೆಂದಿಲ್ಲ. ತನ್ನ ದೇಹೇಚ್ಛೆಯನ್ನೇ ದೇವನನ್ನಾಗಿಸಿಕೊಂಡವನ ಕುರಿತು ಅಲ್-ಫುರ್ಕಾನ್ (25:43) ಮತ್ತು ಅಲ್-ಜಾಸಿಯಃ (45:23) ಅಧ್ಯಾಯಗಳೆರಡೂ ಮಾತನಾಡುತ್ತವೆ. ಆ ವಚನಗಳನ್ನು ಓದುವಾಗ ನಾವು ಬೇರೆ ಯಾರನ್ನೋ ನೆನೆಯುತ್ತೇವೆ. ನಾನು ನನ್ನ ಊರನ್ನು ನೆನೆಯಬೇಕೆಂದಿದ್ದೇನೆ.

2003ರ ನಂತರ ಚೀನಾದ ಉಕ್ಕಿನ ಹಸಿವು ಹೆಚ್ಚಿ ಕಬ್ಬಿಣದ ಅದಿರಿನ ದರ ಏರತೊಡಗಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಹೊತ್ತಿಗೆ ಸಂಡೂರಿನ ಬೆಟ್ಟಗಳ ಮಣ್ಣಿಗೆ ಚಿನ್ನದ ಮರ್ಯಾದೆ ಬಂದಿತ್ತು. ಹೊಸಪೇಟೆಯ ರಸ್ತೆಗಳಲ್ಲಿ ಹಗಲು ರಾತ್ರಿ ಟಿಪ್ಪರ್‌ಗಳ ಸಾಲು. ಒಣಗಲು ಹಾಕಿದ ಬಟ್ಟೆ, ಜೋಳದ ಗರಿ, ಮಕ್ಕಳ ತಲೆಗೂದಲು ಎಲ್ಲವೂ ಕೆಂಪು. ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲಗಳನ್ನೂ ಅದಿರಿಗಾಗಿ ಅಗೆದರು. ಬೇಳೆಯ ದರ ಕೇಳುವಂತೆ ಜನರು ಚಹಾದಂಗಡಿಯಲ್ಲಿ ಅದಿರಿನ ದರ ಕೇಳುತ್ತಿದ್ದರು. ಫಜ್ರ್‌ನ ನಂತರ ಮಸೀದಿಯ ಮೆಟ್ಟಿಲಲ್ಲಿ ನಡೆಯುತ್ತಿದ್ದ ಮಾತೂ ಅದೇ.

ಕಾರೂನನ ವೃತ್ತಾಂತವನ್ನು (28:76-82) ನಾವೆಲ್ಲರೂ ಕೇಳಿದ್ದೇವೆ. ಆದರೆ ಅಲ್ಲಿ ಕಾರೂನನೊಬ್ಬನೇ ಇಲ್ಲ, ರಸ್ತೆಬದಿಯಲ್ಲಿ ನಿಂತ ಜನರೂ ಇದ್ದಾರೆ. ಅವನ ವೈಭವದ ಮೆರವಣಿಗೆ ಕಂಡು, ತಮಗೂ ಹಾಗೆಯೇ ಸಿಕ್ಕಿದ್ದರೆ ಎಂದು ಆಸೆಪಟ್ಟವರು. ಭೂಮಿಯು ಅವನನ್ನು ನುಂಗಿದ ಮರುದಿನ, ತಾವು ಪಾರಾದೆವೆಂದು ಉಸಿರುಬಿಟ್ಟವರೂ ಅವರೇ. ಗಣಿಧಣಿಗಳ ಹೆಲಿಕಾಪ್ಟರ್ ಹಾರಿದಾಗ ಅಂಗಳಕ್ಕೆ ಓಡಿಬಂದು ತಲೆಯೆತ್ತಿ ನೋಡಿದವರು ನಾವು. ಧಣಿಗಳನ್ನು ಬಯ್ಯುವುದು ಸುಲಭ. ಆ ನೋಟದಲ್ಲಿ ಏನಿತ್ತೆಂದು ಕೇಳಿಕೊಳ್ಳುವುದು ಕಷ್ಟ.

ನನ್ನ ಸೋದರಮಾವ, ಮನೆಯಲ್ಲಿ ನಾವೆಲ್ಲ ಮಾಮು ಎನ್ನುತ್ತೇವೆ, 2007ರಲ್ಲಿ ಇದ್ದ ನಾಲ್ಕು ಎಕರೆಯಲ್ಲಿ ಮೂರನ್ನು ಮಾರಿ, ಫೈನಾನ್ಸ್ ಒಂದರಿಂದ ಬಡ್ಡಿಯ ಸಾಲ ತೆಗೆದು ಎರಡು ಟಿಪ್ಪರ್ ಕೊಂಡರು. ಬಡ್ಡಿಯಲ್ಲವೇ ಎಂದು ನಾನಿ ಕೇಳಿದಾಗ, ಮಜಬೂರಿ ಎಂದರು. ಹೊಟ್ಟೆಗಿಲ್ಲದವನ ಮಜಬೂರಿ ಅದಾಗಿರಲಿಲ್ಲ, ಪಕ್ಕದ ಮನೆಯವನ ಬಳಿ ಮೂರು ಗಾಡಿಗಳಿದ್ದವು, ಅಷ್ಟೆ. ಮೊದಲು ಫಜ್ರ್ ತಪ್ಪಿತು, ಏಕೆಂದರೆ ಡ್ರೈವರ್‌ನ ಕರೆ ಬರುವುದು ಆ ಹೊತ್ತಿಗೇ. ಮುಂದೆ ಜುಮಾ ಕೂಡ ಟ್ರಿಪ್‌ಗಳ ನಡುವೆ ಸಿಕ್ಕಿದರೆ ಸಿಕ್ಕಿತು. ಹೆಂಡತಿ ಮಕ್ಕಳಿಗಾಗಿ ದುಡಿಯುವುದೂ ಇಬಾದತ್ ಅಲ್ಲವೇ ಎಂದು ನಮಗೇ ತಿಳಿಹೇಳುತ್ತಿದ್ದರು.

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಎರಡು ದಿನಗಳಲ್ಲಿ, 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ರಸ್ತೆಗಳು ಮೌನವಾದವು. ಗಾಡಿಗಳು ನಿಂತವು, ಕಂತುಗಳು ನಿಲ್ಲಲಿಲ್ಲ. ಮುಂದಿನ ವರ್ಷದ ಆರಂಭದಲ್ಲಿ ಫೈನಾನ್ಸ್‌ನವರು ಬಂದು ಎರಡೂ ಟಿಪ್ಪರ್‌ಗಳನ್ನು ಒಯ್ದರು. ಮಾಮು ಮೂರು ದಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಎಷ್ಟೋ ವರ್ಷಗಳ ನಂತರ ಅವರೇ ಹೇಳಿದರು: "ಗಾಡಿ ಹೋದದ್ದಕ್ಕೆ ಅತ್ತೆ ಎಂದುಕೊಂಡೆಯಾ ಬೇಟಾ? ದುಆಕ್ಕೆಂದು ಕೈ ಎತ್ತಿದೆ. ಯಾರನ್ನು ಕರೆಯಬೇಕೆಂದೇ ತೋಚಲಿಲ್ಲ. ನಾಲ್ಕು ವರ್ಷ ನಾನು ಕರೆದದ್ದು ಬೇರೆ ಯಾರನ್ನೋ."

ತಾರೆ, ಚಂದ್ರ, ಸೂರ್ಯ ಒಂದೊಂದಾಗಿ ಅಸ್ತಮಿಸಿದ್ದನ್ನು ಕಂಡು ಇಬ್ರಾಹೀಮ್(ಅ) ಮುಳುಗುವವುಗಳಿಂದ ಮುಖ ತಿರುಗಿಸಿದ ಪ್ರಸಂಗ ಅಲ್-ಅನ್‌ಆಮ್ (6:76-79) ಅಧ್ಯಾಯದಲ್ಲಿದೆ. ಅವರಿಗೆ ಒಂದು ಇರುಳು, ಒಂದು ಹಗಲು ಸಾಕಾಯಿತು. ನಮಗಾದರೋ 2008ರ ಕೊನೆಯ ಜಾಗತಿಕ ಕುಸಿತದಲ್ಲಿ ಅದಿರಿನ ದರ ಒಮ್ಮೆ ಮುಳುಗಿದ್ದೂ ಸಾಲದಾಯಿತು. ಮತ್ತೆ ಉದಯಿಸುತ್ತದೆಂದು ಇನ್ನೊಂದು ಗಾಡಿಗೆ ಸಾಲ ಬರೆದುಕೊಟ್ಟವರಿದ್ದರು.

ಕುರ್‌ಆನ್‌ನ 57ನೇ ಅಧ್ಯಾಯದ ಹೆಸರು ಅಲ್-ಹದೀದ್, ಅಂದರೆ ಕಬ್ಬಿಣ. ಕಬ್ಬಿಣದ ನಾಡಿನ ನಾವು ಅದನ್ನು ಎಷ್ಟು ಸಲ ಅರ್ಥಸಹಿತ ಓದಿದ್ದೇವೆ? ಅದರ 25ನೇ ವಚನದಲ್ಲಿ ಕಬ್ಬಿಣವು ಅಲ್ಲಾಹನು ಇಳಿಸಿದ ವಸ್ತು, ಅದರಲ್ಲಿ ಮಹಾಶಕ್ತಿಯೂ ಜನರಿಗೆ ಪ್ರಯೋಜನಗಳೂ ಇವೆ. ಅಂದರೆ ಕಬ್ಬಿಣ ಪಾಪವಲ್ಲ, ಕೊಡುಗೆ. ಆದರೆ ಅದೇ ವಚನದಲ್ಲಿ ಕಬ್ಬಿಣಕ್ಕಿಂತ ಮೊದಲು ಗ್ರಂಥ ಬರುತ್ತದೆ, ತಕ್ಕಡಿ ಬರುತ್ತದೆ, ಜನರು ನ್ಯಾಯದಲ್ಲಿ ನೆಲೆಗೊಳ್ಳಬೇಕೆಂಬ ಉದ್ದೇಶ ಬರುತ್ತದೆ. ನಾವು ಕಬ್ಬಿಣವನ್ನು ಇಟ್ಟುಕೊಂಡು ತಕ್ಕಡಿಯನ್ನು ಬಿಟ್ಟೆವು. ಮಿತಿಮೀರಿ ತುಂಬಿದ ಗಾಡಿ, ಪರವಾನಗಿ ಇಲ್ಲದ ಸಾಗಣೆ ಲೋಕಾಯುಕ್ತ ವರದಿಯ ಪುಟಗಳಲ್ಲಿವೆ. ಆ ಗಾಡಿಗಳ ಮುಂಗಾಜಿನ ಮೇಲೆ ಬಿಸ್ಮಿಲ್ಲಾಹ್ ಎಂಬ ಬರಹವೂ ಇರುತ್ತಿತ್ತೆಂಬುದು ನಾನು ಕಣ್ಣಾರೆ ಕಂಡದ್ದು. ಕೈತಪ್ಪಿದ್ದಕ್ಕೆ ಕುಗ್ಗದಿರಲು, ಕೈಸೇರಿದ್ದಕ್ಕೆ ಹಿಗ್ಗದಿರಲು ಅದೇ ಅಧ್ಯಾಯದ 23ನೇ ವಚನ ಕಲಿಸುತ್ತದೆ. ನಾವು ಎರಡರಲ್ಲೂ ಸೋತೆವು.

ಇಲ್ಲಿ ನಮ್ಮ ಮಸೀದಿಗಳ ಮಾತೂ ಬರಬೇಕು. ಆ ವರ್ಷಗಳಲ್ಲಿ ಹಾಸಿದ ಅಮೃತಶಿಲೆ, ಕೂರಿಸಿದ ಏಸಿ, ಏರಿಸಿದ ಮಿನಾರ ಎಲ್ಲಿಂದ ಬಂದವೆಂದು ಕೇಳಿದ ಕಮಿಟಿಗಳೆಷ್ಟು? ದಾನಿಯ ಹೆಸರನ್ನು ಮೈಕ್‌ನಲ್ಲಿ ಮೂರು ಸಲ ಕೂಗಿದೆವು. ಅವನು ಫಜ್ರ್‌ಗೆ ಬಾರದ್ದನ್ನು ಯಾರೂ ವಿಚಾರಿಸಲಿಲ್ಲ. ಎರಡನೇ ದೇವರಾಯನ ಕಾಲದಲ್ಲಿ, 1439ರಲ್ಲಿ, ಅಹ್ಮದ್ ಖಾನ್ ಎಂಬ ಅಧಿಕಾರಿ ಹಂಪಿಯಲ್ಲಿ ಕಟ್ಟಿಸಿದ ಪ್ರಾರ್ಥನಾ ಕಟ್ಟಡ ಇಂದಿಗೂ ಇದೆ. ಅಲ್ಲಿಯ ಶಾಸನ ಅದನ್ನು ಧರ್ಮಶಾಲೆ ಎಂದೇ ಕರೆಯುತ್ತದೆ. ಮಿನಾರವಿಲ್ಲ, ಗುಮ್ಮಟವಿಲ್ಲ, ಸಾದಾ ಕಲ್ಲುಗಂಬಗಳ ಒಂದು ಮಂಟಪ. 1443ರಲ್ಲಿ ಹೆರಾತ್‌ನಿಂದ ಬಂದ ಅಬ್ದುರ್ರಝಾಕ್ ಅದೇ ನಗರದ ಪೇಟೆಯಲ್ಲಿ ಮುತ್ತು ಮಾಣಿಕ್ಯಗಳನ್ನು ಬಹಿರಂಗವಾಗಿ ಮಾರುವುದನ್ನು ಕಂಡು ಬೆರಗಾದನು. ಪೇಟೆಯ ಕಂಬಗಳ ನಡುವೆ ಇಂದು ಆಡುಗಳು ಮಲಗಿರುತ್ತವೆ.

ಹಾಗಾದರೆ ಸಂಪತ್ತೇ ಬೇಡವೇ, ಇಸ್ಲಾಮ್ ಸನ್ಯಾಸವನ್ನು ಬೋಧಿಸುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಉಸ್ಮಾನ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಇಬ್ಬರೂ ಶ್ರೀಮಂತ ವ್ಯಾಪಾರಿಗಳೇ. ಆದರೆ ಈ ಹೆಸರುಗಳನ್ನು ನಾವು ಎತ್ತುವುದು ಅವರಂತೆ ಕೊಡುವಾಗಲ್ಲ, ಕೂಡಿಡುವಾಗ. ಅತ್ತೌಬಃ ಅಧ್ಯಾಯದ 24ನೇ ವಚನ ತಂದೆ, ಮಕ್ಕಳು, ಸಹೋದರರು, ಮೆಚ್ಚಿನ ಮನೆಗಳ ಜೊತೆಗೆ ಕುಸಿಯುವುದೆಂಬ ಭಯ ಹುಟ್ಟಿಸುವ ವ್ಯಾಪಾರವನ್ನೂ ಹೆಸರಿಸಿ, ಇವು ಅಲ್ಲಾಹನಿಗಿಂತ ಹೆಚ್ಚು ಪ್ರಿಯವೇ ಎಂದು ಪರೀಕ್ಷಿಸುತ್ತದೆ. ವ್ಯಾಪಾರವನ್ನು ಅದು ನಿಷೇಧಿಸುವುದಿಲ್ಲ, ಭಯ ಯಾರದೆಂದು ಕೇಳುತ್ತದೆ. ಚಿನ್ನದ ಒಂದು ಕಣಿವೆ ಸಿಕ್ಕಿದರೆ ಮನುಷ್ಯನು ಎರಡನೆಯದನ್ನು ಬಯಸುವನು, ಅವನ ಬಾಯಿ ತುಂಬುವುದು ಮಣ್ಣಿನಿಂದ ಮಾತ್ರ ಎಂಬರ್ಥದ ಪ್ರವಾದಿ(ಸ) ವಚನ ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿದೆ. ಸಂಡೂರಿನ ಧೂಳು ನುಂಗಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

ಗಣಿಗಳು ನಂತರ ನಿಯಮಗಳಡಿ ಮತ್ತೆ ತೆರೆದವು. ವಿಗ್ರಹ ಮಾತ್ರ ಬಿಡುವಿಲ್ಲದೆ ರೂಪ ಬದಲಿಸುತ್ತಿತ್ತು. ಇಂದು ಅದು ಶಾದಿಮಹಲ್‌ನ ವೇದಿಕೆಯಲ್ಲಿದೆ. ಮಗಳ ನಿಕಾಹ್‌ಗೆ ಒಡವೆ ಅಡವಿಟ್ಟು, ಜನ ಏನೆಂದಾರು ಎಂಬ ಭಯಕ್ಕೆ ನೂರಾರು ತಟ್ಟೆ ಬಿರಿಯಾನಿ ಬಡಿಸುವ ತಂದೆ ಯಾರಿಗೆ ಸಜ್ದಾ ಮಾಡುತ್ತಿದ್ದಾನೆ? ರಾತ್ರಿ ಎರಡು ಗಂಟೆಗೆ ಮೊಬೈಲ್‌ನಲ್ಲಿ ಷೇರು ದರ ನೋಡುತ್ತ, ಬೆಳಿಗ್ಗೆ ಅಝಾನ್‌ಗೆ ಏಳಲಾರದ ತರುಣ? ಇವರನ್ನು ನಾನು ಕಾಫಿರರೆನ್ನುತ್ತಿಲ್ಲ, ಅಂತಹ ತೀರ್ಪು ನಮ್ಮ ಕೆಲಸವೂ ಅಲ್ಲ. ಶಹಾದತ್‌ನ ಮೊದಲ ಪದ "ಇಲ್ಲ" ಎಂಬುದನ್ನು ನೆನಪಿಸುತ್ತಿದ್ದೇನೆ.

ಮಾಮು ಈಗ ಉಳಿದ ಒಂದು ಎಕರೆಯಲ್ಲಿ ಶೇಂಗಾ ಬಿತ್ತುತ್ತಾರೆ, ಬಿಡುವಿನಲ್ಲಿ ಪಂಪ್‌ಸೆಟ್ ದುರಸ್ತಿ ಮಾಡುತ್ತಾರೆ. ಸಾಲದ ಕೊನೆಯ ಕಂತು ತೀರಲು ಆರು ವರ್ಷ ಹಿಡಿಯಿತು. ಬಡತನ ಸುಖವೆಂದು ಅವರು ಎಂದೂ ಹೇಳಿಲ್ಲ, ನಾನೂ ಹೇಳಲಾರೆ. ಮಳೆ ಕೈಕೊಟ್ಟ ವರ್ಷ ಚಿಂತೆ ಅವರಿಗೂ ಉಂಟು. ಆದರೆ ಫಜ್ರ್‌ನ ಮೊದಲ ಸಾಲಿನಲ್ಲಿ ಇರುತ್ತಾರೆ, ರಾತ್ರಿ ನಿದ್ದೆ ಮಾಡುತ್ತಾರೆ. ಹೃದಯಗಳಿಗೆ ನೆಮ್ಮದಿ ಸಿಗುವುದು ಅಲ್ಲಾಹನ ಸ್ಮರಣೆಯಲ್ಲಿ ಎಂಬ (13:28) ವಾಗ್ದಾನಕ್ಕೆ ನಾನು ಕಂಡ ಅತಿ ಹತ್ತಿರದ ಪುರಾವೆ ಅವರು.

ಅಂದು ಅವರಿಗೆ ಬಡ್ಡಿಯಿಲ್ಲದ ಐವತ್ತು ಸಾವಿರ ಕೊಡುವ ಒಂದು ನಿಧಿ ನಮ್ಮ ಮೊಹಲ್ಲಾದಲ್ಲಿ ಇರಲಿಲ್ಲ. ಇಂದಿಗೂ ಇಲ್ಲ. ಮುಂದಿನ ಜಮಾಅತ್ ಸಭೆಯ ಕಾರ್ಯಸೂಚಿಯಲ್ಲಿ ಮಿನಾರದ ಬಣ್ಣ ಇದೆಯೆಂದು ಕೇಳಿದೆ. ಅದರ ಮೇಲೆ ಬೈತುಲ್ ಮಾಲ್ ಎಂಬ ಒಂದು ಸಾಲನ್ನು ಬರೆಯಿರಿ, ನಿಕಾಹ್‌ನ ಊಟಕ್ಕೆ ಮಿತಿ ಎಂದು ಇನ್ನೊಂದನ್ನು. ಯಾರು ಮೊದಲು ಎದ್ದುನಿಂತು ವಿರೋಧಿಸುತ್ತಾರೋ ನೋಡೋಣ. ಅದು ನಾನೇ ಆಗಿರಲೂಬಹುದು, ನನ್ನ ಮನೆಯಲ್ಲೂ ಮದುವೆಗೆ ಬಂದ ಮಗಳಿದ್ದಾಳೆ.