ಕಾಳೋ ಹೊಟ್ಟೋ, ಊದಿ ನೋಡಿ

ಶಾರ್ಜಾದ ಹಕ್ಕಿ ಮತ್ತು ಪ್ರಾಣಿಗಳ ಮಾರುಕಟ್ಟೆಗೆ ರಜೆಯ ದಿನ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ಕೊಳ್ಳುವವರಿಗಿಂತ ಸುಮ್ಮನೆ ನಿಂತು ನೋಡುವವರೇ ಹೆಚ್ಚು. ವಾರವಿಡೀ ಸೈಟು, ಕಂಪನಿ ಬಸ್ಸು, ರೂಮಿನ ಬಂಕ್ ಇಷ್ಟನ್ನೇ ನೋಡಿದ ಕಣ್ಣಿಗೆ ಆ ಹಸಿರು, ಹಳದಿ, ನೀಲಿ ಬಣ್ಣದ ಪುಟ್ಟ ಹಕ್ಕಿಗಳು ಹಬ್ಬದಂತೆ ಕಾಣುತ್ತವೆ. ನೋಡಲು ಹೋದ ನಮ್ಮವರು ಎಷ್ಟೋ ಮಂದಿ ಒಂದು ಪಂಜರ, ಒಂದು ಜೋಡಿ ಹಕ್ಕಿ ಮತ್ತು ಒಂದು ಕಿಲೋ ಕಾಳಿನ ಚೀಲದೊಂದಿಗೆ ವಾಪಸ್ ಬರುತ್ತಾರೆ. ಹತ್ತು ವರ್ಷದ ಹಿಂದೆ ನಾನೂ ಹಾಗೆಯೇ ಬಂದವನು.

ಹಕ್ಕಿ ಸಾಕುವುದು ತಪ್ಪು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನನ್ನ ರೂಮಿನಲ್ಲಿ ಈಗಲೂ ಎರಡು ಇವೆ. ಆದರೆ ಕಾಳು ಹಾಕಿ ನೀರಿಟ್ಟರೆ ಸಾಕಿದಂತಾಯಿತು ಎಂದು ನಾವು ನಂಬಿದ್ದೇವಲ್ಲ, ಅದು ತಪ್ಪು. ಆ ತಪ್ಪಿಗೆ ನಾನು ಒಂದು ಹಕ್ಕಿಯನ್ನು ಕಳೆದುಕೊಂಡಿದ್ದೇನೆ.

ಆಗ ನಾವು ಒಂದು ರೂಮಿನಲ್ಲಿ ಐದು ಜನ. ಎಲ್ಲರೂ ಕುಂದಾಪುರ, ಉಡುಪಿ, ಮೂಡಬಿದಿರೆ ಕಡೆಯವರು. ನನ್ನದು ಎಸಿ ರಿಪೇರಿ ಕೆಲಸ. ಬಡ್ಜಿ ಎಂದು ನಾನು ಹೇಳಿದರೆ ಉಳಿದವರು ಬಜ್ಜಿ ಎನ್ನುತ್ತಿದ್ದರು, ಆ ಹೆಸರೇ ನಿಂತಿತು. ತಂಗಿಯ ಮದುವೆಗೆಂದು ಒಂದು ತಿಂಗಳ ರಜೆಯಲ್ಲಿ ಊರಿಗೆ ಹೊರಟಾಗ ಕಪ್ಪಿನ ತುಂಬ ಕಾಳು ಹಾಕಿ, "ದಿನಾ ನೀರು ಬದಲಾಯಿಸಿ, ಕಾಳು ಖಾಲಿಯಾದರೆ ಹಾಕಿ" ಎಂದು ರೂಮಿನ ಹುಡುಗನಿಗೆ ಹೇಳಿ ಹೋದೆ. ಅವನು ನಂಬಿಗಸ್ತ. ದಿನವೂ ನೀರು ಬದಲಾಯಿಸಿದ. ದಿನವೂ ಕಪ್ಪು ನೋಡಿದ. ಕಪ್ಪು ತುಂಬಿಯೇ ಇತ್ತು. ಎಂಟನೆಯ ದಿನ ನೀಲಿ ಹಕ್ಕಿ ಪಂಜರದ ಅಡಿಯಲ್ಲಿ ಸತ್ತು ಬಿದ್ದಿತ್ತು. ರೂಮಿನ ಹಿರಿಯರೊಬ್ಬರು ಅನುಮಾನ ಬಂದು ಆ ಕಪ್ಪನ್ನು ಕೈಗೆತ್ತಿಕೊಂಡು ಉಫ್ ಎಂದು ಊದಿದರಂತೆ. ಇದ್ದದ್ದೆಲ್ಲ ಹಾರಿಹೋಯಿತು. ತಳದಲ್ಲಿ ಒಂದು ಕಾಳೂ ಇರಲಿಲ್ಲ.

ಬಡ್ಜಿ ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕಿನಲ್ಲೇ ಸಿಪ್ಪೆ ಸುಲಿದು ತಿರುಳನ್ನು ಮಾತ್ರ ತಿಂದು, ಹೊಟ್ಟನ್ನು ಅದೇ ಕಪ್ಪಿನಲ್ಲಿ ಬಿಡುತ್ತದೆ. ದೂರದಿಂದ ನೋಡಿದರೆ ಕಪ್ಪು ತುಂಬಿದಂತೆಯೇ ಕಾಣುತ್ತದೆ. ಇಷ್ಟು ಸಣ್ಣ ಹಕ್ಕಿ ಒಂದೆರಡು ದಿನ ಉಪವಾಸ ಬಿದ್ದರೂ ಬದುಕುವುದು ಕಷ್ಟ. ಹುಡುಗ ಫೋನಿನಲ್ಲಿ ಅಳುತ್ತಾ, "ಅಣ್ಣ, ಕಪ್ ತುಂಬಾ ಇತ್ತು ಮಾರ್ರೆ" ಎಂದ. ತಪ್ಪು ಅವನದಲ್ಲ. ಮೊರದಲ್ಲಿ ಕೇರುವ ಅಮ್ಮನನ್ನು ನೋಡುತ್ತಾ ಬೆಳೆದ ನನಗೆ ಹೊಟ್ಟು ಯಾವುದು, ಕಾಳು ಯಾವುದು ಎಂದು ಗೊತ್ತಿತ್ತು. ಹೇಳಿ ಹೋಗಬೇಕಿದ್ದವನು ನಾನು.

ಆಮೇಲೆ ಈ ಹಕ್ಕಿಯ ವಿಷಯ ತಿಳಿದುಕೊಳ್ಳತೊಡಗಿದೆ. ನಮ್ಮ ಊರಲ್ಲಿ ಇವನ್ನು ಲವ್ ಬರ್ಡ್ಸ್ ಎನ್ನುತ್ತೇವೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಬಡ್ಜಿ ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿ. ಅಲ್ಲಿ ಇವು ನೀರು ಮತ್ತು ಹುಲ್ಲಿನ ಬೀಜ ಹುಡುಕುತ್ತಾ ದೊಡ್ಡ ಹಿಂಡಿನಲ್ಲಿ ಊರಿಂದೂರಿಗೆ ಹಾರುತ್ತವೆ. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಅದು ಜಗತ್ತಿನ ಮನೆಮನೆಯ ಹಕ್ಕಿಯಾಯಿತು. ತೂಕ 30ರಿಂದ 40 ಗ್ರಾಂ, ಅಂದರೆ ನಮ್ಮ ಒಂದು ಮುಷ್ಟಿ ಕಡಲೆಯಷ್ಟು. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತದೆ. ದಿನವಿಡೀ ಹಾರಿ, ಹುಡುಕಿ, ಹಿಂಡಿನ ಜೊತೆ ಹರಟಿ ತಿನ್ನುವ ದೇಹ ಅದರದ್ದು. ಅದನ್ನು ಒಂದು ಕೋಲಿನ ಮೇಲೆ ಕೂರಿಸಿ, ಮೂಗಿನ ಮುಂದೆ ಎಣ್ಣೆಯಂಶದ ಕಾಳಿನ ಕಪ್ಪು ಇಟ್ಟರೆ ಏನಾಗುತ್ತದೆ? ಬೊಜ್ಜು ಬರುತ್ತದೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುತ್ತದೆ. ಬರೀ ಒಣಕಾಳಿನಲ್ಲಿ ಎ ಜೀವಸತ್ವ, ಅಯೋಡಿನ್, ಸುಣ್ಣದ ಅಂಶ ಬಹಳ ಕಡಿಮೆ. ಅಯೋಡಿನ್ ಕೊರತೆಯಾದರೆ ಬಡ್ಜಿಗೂ ಗಳಗಂಡ ಬರುತ್ತದೆ, ಉಸಿರಾಡುವಾಗ ಸದ್ದು ಕೇಳಿಸುತ್ತದೆ.

ಹಾಗಾದರೆ ಏನು ಕೊಡಬೇಕು? ನವಣೆ, ಬರಗು, ಕೆನರಿ ಸೀಡ್ ಬೆರೆಸಿದ ಕಾಳು ಒಂದು ಹಕ್ಕಿಗೆ ದಿನಕ್ಕೆ ಒಂದೂವರೆ ಎರಡು ಟೀ ಚಮಚ. ಸೂರ್ಯಕಾಂತಿ ಬೀಜ ಬೇಡ. ಅದರ ಜೊತೆ ದಿನವೂ ಹಸಿರು. ಇದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಕೆಳಗಿನ ಗ್ರೋಸರಿಯಲ್ಲಿ ಸಿಗುವ ಕೊತ್ತಂಬರಿ, ಮೆಂತ್ಯ, ಜರ್ಜೀರ್ ಸೊಪ್ಪು, ತುರಿದ ಕ್ಯಾರೆಟ್, ಬ್ರೊಕೊಲಿ, ಒಂದು ಚೂರು ದೊಣ್ಣೆಮೆಣಸು ಸಾಕು. ಊರಿನವರ ಮನೆಯಲ್ಲಿ ನುಗ್ಗೆ ಸೊಪ್ಪು ಸಿಕ್ಕರೆ ಇನ್ನೂ ಒಳ್ಳೆಯದು. ಚೆನ್ನಾಗಿ ತೊಳೆದು ಹಾಕಿ, ಎರಡು ಮೂರು ಗಂಟೆಯಲ್ಲಿ ಉಳಿದದ್ದನ್ನು ತೆಗೆಯಿರಿ, ಇಲ್ಲಿನ ಸೆಖೆಗೆ ಬೇಗ ಹಳಸುತ್ತದೆ. ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಡಬಹುದು. ಸುಣ್ಣದ ಅಂಶಕ್ಕೆ ಕಟಲ್‌ಬೋನ್ ಮತ್ತು ಅಯೋಡಿನ್ ಬೆರೆತ ಬಿಳಿ ಕಟ್ಟಿ ಹಕ್ಕಿ ಅಂಗಡಿಯಲ್ಲಿ ಸಿಗುತ್ತವೆ.

ಮೊದಲ ದಿನವೇ ಹಕ್ಕಿ ಸೊಪ್ಪು ತಿನ್ನುವುದಿಲ್ಲ. ನನ್ನದು ಮೂರು ವಾರ ಕೊತ್ತಂಬರಿ ಕಟ್ಟನ್ನು ಕಂಡು ಮೂಲೆಗೆ ಓಡುತ್ತಿತ್ತು. ನಾನು ಪಂಜರದ ಮುಂದೆ ಕುಳಿತು ಅದೇ ಸೊಪ್ಪನ್ನು ಅಗಿದು ತೋರಿಸಿದೆ. ರೂಮಿನವರು ನಕ್ಕರು. ಬಡ್ಜಿ ಹಿಂಡಿನ ಹಕ್ಕಿ, ಜೊತೆಯವರು ತಿಂದದ್ದನ್ನು ನೋಡಿಯೇ ಧೈರ್ಯ ಮಾಡುತ್ತದೆ. ಹಠ ಮಾಡುತ್ತದೆಂದು ಕಾಳನ್ನು ಪೂರ್ತಿ ನಿಲ್ಲಿಸಬೇಡಿ, ಉಪವಾಸ ಬಿದ್ದೀತು.

ಕೊಡಲೇಬಾರದ್ದು ಬೆಣ್ಣೆಹಣ್ಣು, ಚಾಕೊಲೇಟ್, ಚಹಾ ಕಾಫಿ, ಈರುಳ್ಳಿ ಬೆಳ್ಳುಳ್ಳಿ, ಉಪ್ಪು ಖಾರ ಹಾಕಿದ ತಿಂಡಿ. ಸೇಬು ಕೊಟ್ಟರೆ ಬೀಜ ತೆಗೆದು ಕೊಡಿ. "ನಮ್ಮ ಬಜ್ಜಿ ಚಿಪ್ಸ್ ತಿನ್ನುತ್ತೆ ನೋಡಿ" ಎಂದು ವಿಡಿಯೋ ಮಾಡುವುದು ಪ್ರೀತಿಯಲ್ಲ.

ತಿನಿಸಿನಷ್ಟೇ ಮುಖ್ಯವಾದದ್ದು ನಮ್ಮ ರೂಮಿನ ಗಾಳಿ. ನಾನ್‌ಸ್ಟಿಕ್ ಬಾಣಲೆಯನ್ನು ಖಾಲಿ ಒಲೆಯ ಮೇಲೆ ಮರೆತು ಅದು ವಿಪರೀತ ಕಾದರೆ, ಹೊರಡುವ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ಊದುಬತ್ತಿ, ಬಖೂರ್, ಸಿಗರೇಟು, ತಿಗಣೆಗೆ ಹೊಡೆಯುವ ಸ್ಪ್ರೇ ಇವೂ ಅದರ ಪುಟ್ಟ ಶ್ವಾಸಕೋಶಕ್ಕೆ ಆಗುವುದಿಲ್ಲ. ಅಡುಗೆ ಮತ್ತು ಹಾಸಿಗೆ ಒಂದೇ ಕೋಣೆಯಲ್ಲಿದ್ದರೆ ಹಕ್ಕಿ ತರಬೇಡಿ. ಎಸಿಯವನಾಗಿ ಇನ್ನೊಂದು ಮಾತು: ಪಂಜರವನ್ನು ಎಸಿ ಗಾಳಿಗೆ ನೇರ ಇಡಬೇಡಿ, ಬಾಲ್ಕನಿಯಲ್ಲಂತೂ ಬಿಡಲೇಬೇಡಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ಗಟ್ಟಿಮುಟ್ಟಾದ ಗಂಡಸರಿಗೇ ಬೇಡವೆಂದ ಬಿಸಿಲಲ್ಲಿ ಮೂವತ್ತೈದು ಗ್ರಾಂ ಜೀವವನ್ನು ತೂಗುಹಾಕಿ ಡ್ಯೂಟಿಗೆ ಹೋಗುವವರನ್ನು ನಾನು ನೋಡಿದ್ದೇನೆ.

ಇನ್ನು ಆಟ. ಇದನ್ನು ಹೇಳಿದರೆ ಹೆಚ್ಚಿನವರು ನಗುತ್ತಾರೆ. "ನಮಗೇ ತಿನ್ನಲು ಟೈಮಿಲ್ಲ ಮಾರಾಯಾ, ಹಕ್ಕಿಗೆ ಆಟ ಆಡಿಸ್ಬೇಕಾ?" ಎನ್ನುತ್ತಾರೆ. ಬೇಕು. ಮಾಡಲು ಏನೂ ಇಲ್ಲದ ಹಕ್ಕಿ ತನ್ನ ಗರಿಯನ್ನೇ ಕಿತ್ತುಕೊಳ್ಳಬಹುದು, ಒಂದೇ ಸಮನೆ ಕಿರುಚಬಹುದು, ಇಲ್ಲವೇ ತಿನ್ನುತ್ತಲೇ ಕೂತು ಊದಿಕೊಳ್ಳಬಹುದು. ಕೆಲಸವಿಲ್ಲದ ರಜಾದಿನ ಬಂಕಿನ ಮೇಲೆ ಮಲಗಿ ಗೋಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟಕ್ಕೆ ದುಡ್ಡು ಬೇಡ. ಒಂದು ಚಮಚ ಕಾಳನ್ನು ಶಾಯಿಯಿಲ್ಲದ ಕಾಗದದಲ್ಲಿ ಸಡಿಲವಾಗಿ ಸುತ್ತಿ ಕೊಡಿ, ಬಿಚ್ಚಿ ತಿನ್ನಲಿ. ತಟ್ಟೆಯಲ್ಲಿ ಕಾಗದದ ಚೂರು ಹರಡಿ ಅದರೊಳಗೆ ಕಾಳು ಅಡಗಿಸಿ. ಒದ್ದೆ ಕೊತ್ತಂಬರಿ ಕಟ್ಟನ್ನು ಪಂಜರದ ಮೇಲಿನಿಂದ ತೂಗಿಬಿಟ್ಟರೆ ತಿನ್ನುವುದೂ ಆಯಿತು, ಅದರಲ್ಲಿ ಮೈ ಉಜ್ಜಿ ಸ್ನಾನವೂ ಆಯಿತು. ರಟ್ಟಿನ ತುಂಡು, ಬಣ್ಣವಿಲ್ಲದ ಐಸ್‌ಕ್ರೀಮ್ ಕಡ್ಡಿ ಕಡಿಯಲು ಒಳ್ಳೆಯದು. ಕಾಲಿಗೆ ಸುತ್ತಿಕೊಳ್ಳುವ ಉದ್ದನೆಯ ದಾರ ಮಾತ್ರ ಬೇಡ. ವಾರಕ್ಕೊಮ್ಮೆ ಆಟಿಕೆ ಬದಲಾಯಿಸಿ. ಪಂಜರದ ಜೊತೆ ಬರುವ ನುಣುಪು ಪ್ಲಾಸ್ಟಿಕ್ ಕೋಲು ಪಾದಕ್ಕೆ ಹುಣ್ಣು ತರುತ್ತದೆ. ಪರಿಚಯದವರ ಅಂಗಳದ ಬೇವಿನ ಮರದಿಂದ, ಕೇಳಿಕೊಂಡು, ಔಷಧಿ ಹೊಡೆಯದ ದಪ್ಪ ಸಣ್ಣ ಕೊಂಬೆ ತಂದು ತೊಳೆದು ಒಣಗಿಸಿ ಕಟ್ಟಿ. ದಿನಕ್ಕೆ ಅರ್ಧ ಗಂಟೆಯಾದರೂ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಪಂಜರದ ಬಾಗಿಲು ತೆಗೆಯಿರಿ. ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಅದಕ್ಕೆ ಕತ್ತಲು ಬೇಕು. ಶಿಫ್ಟಿನವರು ಬಂದು ಲೈಟ್ ಹಾಕುವ ರೂಮಾದರೆ ಗಾಳಿಯಾಡುವ ಬಟ್ಟೆ ಹೊದಿಸಿ.

ನಾವು ಹನ್ನೆರಡು ಗಂಟೆ ಹೊರಗಿರುವವರು. ಆದ್ದರಿಂದ ಒಂಟಿ ಹಕ್ಕಿ ಬೇಡ, ಎರಡಿರಲಿ. ಕನ್ನಡಿ ಜೊತೆಗಾರನಲ್ಲ. ಗಂಡು ಹೆಣ್ಣು ಜೋಡಿಯಾದರೆ ಮೊಟ್ಟೆಗೆಂದು ಮಡಕೆ ಕಟ್ಟಬೇಡಿ. ಬಿಡುವಿಲ್ಲದೆ ಮೊಟ್ಟೆಯಿಟ್ಟು ಹೆಣ್ಣು ಸೊರಗುತ್ತದೆ, ಮರಿಗಳಿಗೆ ಮನೆ ಹುಡುಕುವ ಕೆಲಸ ನಿಮ್ಮ ತಲೆಗೆ ಬರುತ್ತದೆ.

ಇನ್ನೊಂದು ವಾದವಿದೆ. "ಪಂಜರವೇ ಪಾಪ, ಬಿಟ್ಟುಬಿಡಿ, ಹಾರಿಹೋಗಲಿ." ಕೇಳಲು ಚೆನ್ನಾಗಿದೆ. ಆದರೆ ಪಂಜರದಲ್ಲೇ ಹುಟ್ಟಿದ ಬಡ್ಜಿಗೆ ಈ ಊರಿನಲ್ಲಿ ನೀರೆಲ್ಲಿ, ನೆರಳೆಲ್ಲಿ ಎಂದು ಗೊತ್ತಿಲ್ಲ. ಕಾಗೆಗೋ ಬೆಕ್ಕಿಗೋ ಬಿಸಿಲಿಗೋ ಅದು ತುತ್ತು. ಬಿಡುವುದು ಪುಣ್ಯವಲ್ಲ. ಪುಣ್ಯ ಬೇಕಿದ್ದರೆ ಕೊಳ್ಳುವ ಮೊದಲೇ ಯೋಚಿಸಬೇಕು: ದಿನಕ್ಕೆ ಒಂದು ಗಂಟೆ ಕೊಡಬಲ್ಲೆನೇ? ರೂಮಿನವರೆಲ್ಲ ಒಪ್ಪಿದ್ದಾರೆಯೇ? ಕ್ಯಾಂಪಿನಲ್ಲಿ ಅನುಮತಿ ಇದೆಯೇ? ರಜೆಗೆ ಹೋದಾಗ ಯಾರು? ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ ಮಾರುಕಟ್ಟೆಯಲ್ಲಿ ನಿಂತು ನೋಡಿ ಬನ್ನಿ. ಅದರಲ್ಲಿ ನಾಚಿಕೆಯಿಲ್ಲ.

ಕೊನೆಯ ಪ್ರಶ್ನೆಗೆ ನಮ್ಮ ಕೂಟ ಉತ್ತರ ಕೊಡಬಹುದು ಎಂದು ನನ್ನ ಅಭಿಪ್ರಾಯ. ಯುಗಾದಿಗೆ, ರಾಜ್ಯೋತ್ಸವಕ್ಕೆ ಸ್ವಯಂಸೇವಕರ ಪಟ್ಟಿ ಮಾಡುತ್ತೇವೆ. ಹಾಗೆಯೇ ಬೇಸಿಗೆ ರಜೆಗೆ ಮುಂಚೆ ಹಕ್ಕಿ ನೋಡಿಕೊಳ್ಳಬಲ್ಲ ಮನೆಗಳ ಒಂದು ಪಟ್ಟಿ ಮಾಡೋಣ. ಜೂನ್‌ನಲ್ಲಿ ಹೋಗುವವರ ಹಕ್ಕಿಯನ್ನು ಆಗಸ್ಟ್‌ನಲ್ಲಿ ಹೋಗುವವರು ನೋಡಿಕೊಂಡರೆ ಲೆಕ್ಕ ಸರಿಹೋಗುತ್ತದೆ. ವೀಸಾ ಕ್ಯಾನ್ಸಲ್ ಆಗಿ ಪೂರ್ತಿ ಊರಿಗೆ ಹೊರಡುವವರು ಟಿಕೆಟ್ ಮಾಡುವ ಮೊದಲೇ ಹಕ್ಕಿಗೆ ಮನೆ ಹುಡುಕಲಿ. ಅದನ್ನು ವಿಮಾನದಲ್ಲಿ ಒಯ್ಯುವುದು ಸುಲಭವಲ್ಲ, ಕಾಗದಪತ್ರ ಬಹಳ ಬೇಕು. ಕಸದ ಡಬ್ಬಿಯ ಪಕ್ಕ ಪಂಜರ ಇಟ್ಟು ಹೋದವರು ನಮ್ಮ ಕಟ್ಟಡದಲ್ಲೇ ಇದ್ದರು.

ಒಪ್ಪಿಸಿ ಹೋಗುವಾಗ ಪಂಜರಕ್ಕೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ. ಬೆಳಿಗ್ಗೆ ಕಪ್ಪನ್ನು ಊದಿ, ಹೊಟ್ಟು ಹಾರಿಸಿ, ಹೊಸ ಕಾಳು ಹಾಕಿ. ನೀರು ದಿನಕ್ಕೆರಡು ಸಲ. ಸಂಜೆ ಹತ್ತು ನಿಮಿಷ ಮಾತಾಡಿಸಿ. ಗರಿ ಉಬ್ಬಿಸಿಕೊಂಡು ಅಡಿಯಲ್ಲಿ ಕೂತರೆ, ಉಸಿರಿಗೆ ಬಾಲ ಅಲುಗಾಡಿದರೆ, ಕಾಯದೆ ಡಾಕ್ಟರ ಬಳಿ ಒಯ್ಯಿರಿ. ಹಕ್ಕಿ ತನ್ನ ಕಾಯಿಲೆಯನ್ನು ಕೊನೆಯವರೆಗೆ ಅಡಗಿಸುತ್ತದೆ, ಹಿಂಡಿನಲ್ಲಿ ಸೋತದ್ದು ಕಂಡರೆ ಬೇಟೆಗೆ ಸಿಗುತ್ತೇನೆಂಬ ಭಯ. ಅದಕ್ಕೇ ನಾನು ವಾರಕ್ಕೊಮ್ಮೆ ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತೇನೆ. ಮೂರು ನಾಲ್ಕು ಗ್ರಾಂ ಇಳಿದರೆ ಎಚ್ಚರ.

ಆ ನೀಲಿ ಹಕ್ಕಿ ಹೋದ ಮೇಲೆ ನನಗೆ ಒಂದು ಅಭ್ಯಾಸ ಬಂದಿದೆ. ಊರಿಂದ ಫೋನ್ ಬಂದಾಗ ಅಮ್ಮ "ಊಟ ಆಯ್ತಾ?" ಎನ್ನುತ್ತಾಳೆ, ನಾನು ಮೆಸ್ಸಿನ ಡಬ್ಬಿ ತೆರೆಯದೆಯೇ "ಆಯ್ತು" ಎನ್ನುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ರೂಮಿಗೆ ಹೊಸದಾಗಿ ಬಂದ ಹುಡುಗರು "ಎಲ್ಲ ಚೆನ್ನಾಗಿದೆ ಅಣ್ಣ" ಎಂದರೂ ಇನ್ನೊಂದು ಸಲ ಕೇಳುತ್ತೇನೆ. ತುಂಬಿದ ಕಪ್ಪನ್ನು ಕಂಡು ಸಮಾಧಾನಪಟ್ಟು ಒಂದು ಜೀವ ಕಳೆದುಕೊಂಡವನು ನಾನು. ಬೆಳಿಗ್ಗೆ ಐದಕ್ಕೆ ಎದ್ದು ಮೊದಲು ಮಾಡುವ ಕೆಲಸ ಅದೇ, ಕಪ್ಪನ್ನು ತೆಗೆದು ಊದುವುದು.