ತೇಲುವ ಮನೆ ಮತ್ತು ಕಾಯಂ ವಿಳಾಸ

1939ರ ಜುಲೈ ತಿಂಗಳ ಕೊನೆಯ ವಾರದಲ್ಲಿ, ಇಂಗ್ಲೆಂಡಿನ ಬ್ಯಾನ್‌ಬರಿ ಎಂಬ ಊರಿನಿಂದ ಆಗಷ್ಟೇ ಮದುವೆಯಾಗಿದ್ದ ದಂಪತಿಯೊಂದು ತಮ್ಮ ಮನೆಯನ್ನೇ ನಡೆಸಿಕೊಂಡು ಹೊರಟಿತು. ಮನೆಯೆಂದರೆ ‘ಕ್ರೆಸಿ’ ಎಂಬ ಹಳೆಯ ಮರದ ದೋಣಿ. ಉದ್ದ ಸುಮಾರು 70 ಅಡಿ, ಅಗಲ 7 ಅಡಿ. ಗಂಡ ಎಂಜಿನಿಯರ್ ಎಲ್.ಟಿ.ಸಿ. ರೋಲ್ಟ್, ಹೆಂಡತಿ ಆ್ಯಂಜೆಲಾ. ಸರಕು ತುಂಬಲೆಂದು ಕಟ್ಟಿದ್ದ ಆ ದೋಣಿಯ ಒಡಲಿನಲ್ಲಿ ಅವರು ಮಲಗುವ ಕೋಣೆ, ಅಡುಗೆಮನೆ, ಸ್ನಾನದ ತೊಟ್ಟಿ, ಬರೆಯುವ ಮೇಜು ಎಲ್ಲವನ್ನೂ ಅಳವಡಿಸಿಕೊಂಡಿದ್ದರು. ಮಧ್ಯ ಇಂಗ್ಲೆಂಡಿನ ಕಾಲುವೆಗಳಲ್ಲಿ ನಿಧಾನವಾಗಿ ಸುತ್ತುತ್ತ ಬದುಕುವುದು ಅವರ ಆಸೆ. ಹೊರಟ ಐದಾರು ವಾರಗಳಲ್ಲೇ ಎರಡನೆಯ ಮಹಾಯುದ್ಧ ಆರಂಭವಾಯಿತು. ಆ ಪಯಣದ ಕುರಿತು ರೋಲ್ಟ್ ಬರೆದ ‘ನ್ಯಾರೋ ಬೋಟ್’ ಪುಸ್ತಕ 1944ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ರಾಬರ್ಟ್ ಐಕ್‌ಮನ್ ಎಂಬ ಲೇಖಕ ರೋಲ್ಟ್‌ಗೆ ಪತ್ರ ಬರೆದರು. ಆ ಪರಿಚಯದಿಂದ 1946ರಲ್ಲಿ ಕಾಲುವೆಗಳ ರಕ್ಷಣೆಗಾಗಿ ‘ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್’ ಹುಟ್ಟಿತು. ಬ್ರಿಟನ್ನಿನ ಕಾಲುವೆಗಳು ಮುಚ್ಚಿಹೋಗದೆ ಉಳಿದದ್ದಕ್ಕೆ ಈ ದಂಪತಿಯ ಆರಂಭದ ವರ್ಷಗಳನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯಲಾಗುತ್ತದೆ.

ಆ ಕೃತಜ್ಞತೆಗೆ ಕಾರಣವಿದೆ. ಆದರೆ ಅದೇ ವರ್ಷಗಳಲ್ಲಿ, ಅದೇ ನೀರಿನ ಮೇಲೆ, ಅಷ್ಟೇ ಅಗಲದ ದೋಣಿಗಳಲ್ಲಿ ಬೇರೆ ದಂಪತಿಗಳೂ ಸಂಸಾರ ಹೂಡಿದ್ದರು. ಅವರು ಕಲ್ಲಿದ್ದಲು, ಧಾನ್ಯ, ಲೋಹ ಸಾಗಿಸುವ ದುಡಿಯುವ ಜನ. ದೋಣಿಯ ಬಹುಭಾಗ ಸರಕಿಗೆ ಮೀಸಲು. ಹಿಂಬದಿಯಲ್ಲಿ ಸುಮಾರು 10 ಅಡಿ ಉದ್ದದ ಗೂಡಿನಂತಹ ಕೋಣೆಯಲ್ಲಿ ಗಂಡ, ಹೆಂಡತಿ, ಮಕ್ಕಳು. ಒಲೆ, ಮಡಚುವ ಮಂಚ, ಗೋಡೆಯ ತುಂಬ ಬಣ್ಣದ ಗುಲಾಬಿ ಮತ್ತು ಕೋಟೆಗಳ ಚಿತ್ರ. ಕೂಲಿ ಸಿಗುತ್ತಿದ್ದುದು ದೋಣಿಯ ಯಜಮಾನನಿಗೆ, ಸಾಗಿಸಿದ ಸರಕಿನ ಲೆಕ್ಕದಲ್ಲಿ. ಚುಕ್ಕಾಣಿ ಹಿಡಿದ ಹೆಂಡತಿಗೂ ಲಾಕ್‌ಗಳ ಭಾರವಾದ ಬಾಗಿಲುಗಳನ್ನು ನೂಕಿ ತೆರೆಯುತ್ತಿದ್ದ ಮಕ್ಕಳಿಗೂ ಪ್ರತ್ಯೇಕ ಕೂಲಿ ಇರಲಿಲ್ಲ. ರೋಲ್ಟ್ ದಂಪತಿ ನೀರಿನ ಮೇಲೆ ಮನೆ ಮಾಡಿದ್ದು ಸಾಹಸಗಾಥೆಯಾಯಿತು. ಈ ಕುಟುಂಬಗಳು ಮಾಡಿದ್ದು ಸರ್ಕಾರದ ಕಡತಗಳಲ್ಲಿ ಸಮಸ್ಯೆಯಾಗಿ ದಾಖಲಾಯಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ಇಂದಿಗೂ ಕೇಳಬೇಕಾದ ಪ್ರಶ್ನೆ.

ಮೊದಲು ರೋಲ್ಟ್ ದಂಪತಿಯ ಬದುಕನ್ನೇ ನೋಡಬಹುದು. ಯುದ್ಧ ಬಂದೊಡನೆ ರೋಲ್ಟ್ ಕ್ರೂ ಪಟ್ಟಣದ ರೋಲ್ಸ್-ರಾಯ್ಸ್ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ದುಡಿದರು. ಅಲ್ಲಿಂದ ದೋಣಿ ದಕ್ಷಿಣದ ಹಂಗರ್‌ಫರ್ಡ್‌ಗೆ ಸಾಗಿತು. 1941ರಲ್ಲಿ ಯುದ್ಧಸಾಮಗ್ರಿ ಪೂರೈಕೆಯ ಸಚಿವಾಲಯದಲ್ಲಿ ಕೆಲಸ ಸಿಕ್ಕಿತು. ಆಗ ವೂಸ್ಟರ್‌ಶೈರಿನ ಟಾರ್ಡೆಬಿಗ್ ಎಂಬಲ್ಲಿ, ಸಾಲಾಗಿ 30 ಲಾಕ್‌ಗಳಿರುವ ಇಳಿಜಾರಿನ ಬಳಿ, ‘ಕ್ರೆಸಿ’ಯನ್ನು ಕಟ್ಟಿದರು. ಅದು ಅಲ್ಲಿಂದ ಕದಲಿದ್ದು ಐದು ವರ್ಷಗಳ ನಂತರ. ನೌಕರಿ ಎಲ್ಲಿದೆಯೋ ಅಲ್ಲಿ ಮನೆ ನಿಂತಿತು. ಹಾಗೆ ನಿಂತದ್ದಕ್ಕಾಗಿ ಅವರು ನಿಜವಾದ ದೋಣಿವಾಸಿಗಳೇ ಅಲ್ಲವೆಂದು ಇಂದು ಯಾರೂ ಹೇಳುವುದಿಲ್ಲ. ಅವರ ಸ್ವಾತಂತ್ರ್ಯಕ್ಕೆ ಆಧಾರವಾಗಿದ್ದುದು ಎಂಜಿನಿಯರನ ವಿದ್ಯೆ, ಬರೆಯಬಲ್ಲ ಭಾಷೆ, ಬೇಕೆಂದಾಗ ನೆಲಕ್ಕೆ ಮರಳುವ ಅವಕಾಶ. ಆ ವರ್ಷಗಳ ಕಥೆ ಬಹುಮಟ್ಟಿಗೆ ಗಂಡನ ಬರಹದ ಮೂಲಕವೇ ಓದುಗರನ್ನು ತಲುಪಿದೆ ಎಂಬುದನ್ನೂ ಗಮನಿಸಬೇಕು. ಆ್ಯಂಜೆಲಾ ದೋಣಿಯ ದುಡಿಮೆಯಲ್ಲಿ ಸಮಪಾಲು ಹೊತ್ತವರು. 1949ರಲ್ಲಿ ಪ್ರಕಟವಾದ, ಐರ್ಲೆಂಡಿನ ಜಲಮಾರ್ಗಗಳ ಕುರಿತ ಪುಸ್ತಕಕ್ಕೆ ಛಾಯಾಚಿತ್ರಗಳನ್ನು ತೆಗೆದವರು. ಆದರೂ ಲೋಕದ ನೆನಪಿನಲ್ಲಿ ಅವರು ರೋಲ್ಟರ ಹೆಂಡತಿಯಾಗಿಯೇ ಉಳಿದರು.

ದುಡಿಯುವ ದೋಣಿ ಕುಟುಂಬಗಳ ಚರಿತ್ರೆ ಬೇರೆ ಬಗೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದು ಸರಕುಗಳ ಸಾಗಣೆ ದರ ಕುಸಿದಾಗ ದೋಣಿಕಾರರ ಕೂಲಿಯೂ ಕುಸಿಯಿತು. ದಡದಲ್ಲೊಂದು ಬಾಡಿಗೆ ಮನೆ, ದೋಣಿಯಲ್ಲೊಬ್ಬ ಕೂಲಿಯಾಳು ಎರಡನ್ನೂ ನಿಭಾಯಿಸಲಾಗದೆ ಅನೇಕರು ಹೆಂಡತಿ ಮಕ್ಕಳನ್ನೇ ದೋಣಿಗೆ ಹತ್ತಿಸಿಕೊಂಡರು. ಬಡತನ ಅವರನ್ನು ನೀರಿಗಿಳಿಸಿತು. ನೀರಿಗಿಳಿದ ಮೇಲೆ ಅವರು ವಿಚಿತ್ರ ಜನರಾಗಿ ಕಂಡರು. ಜಾರ್ಜ್ ಸ್ಮಿತ್ ಎಂಬ ಸುಧಾರಕನ ಹೋರಾಟದಿಂದ 1877ರಲ್ಲಿ ಕಾಲುವೆ ದೋಣಿಗಳ ಕಾಯ್ದೆ ಬಂತು. ದೋಣಿಯನ್ನು ವಾಸಸ್ಥಳವೆಂದು ನೋಂದಾಯಿಸಬೇಕು, ಎಷ್ಟು ಜನ ಇರಬಹುದೆಂಬುದಕ್ಕೆ ಮಿತಿಯಿರಬೇಕು, ಮಕ್ಕಳು ನೋಂದಣಿಯಾದ ಊರಿನ ನಿವಾಸಿಗಳೆಂದು ಪರಿಗಣಿತರಾಗಿ ಶಾಲೆಗೆ ಹೋಗಬೇಕು ಎಂದು ಅದು ವಿಧಿಸಿತು. ಆದರೆ ದೋಣಿ ನೋಂದಾಯಿತ ಊರಿನಲ್ಲಿ ನಿಲ್ಲುವುದೇ ಅಪರೂಪ. ದುಡಿಮೆ ಚಲಿಸುತ್ತಿತ್ತು, ಶಾಲೆ ಚಲಿಸುತ್ತಿರಲಿಲ್ಲ. ತಲೆಮಾರುಗಳ ಕಾಲ ಆ ಮಕ್ಕಳಲ್ಲಿ ಹೆಚ್ಚಿನವರು ಅಕ್ಷರ ಕಾಣದೆ ಬೆಳೆದರು.

ಈ ಕಾಯ್ದೆಗೆ ಆರು ವರ್ಷ ಮೊದಲು, 1871ರಲ್ಲಿ, ಅದೇ ಬ್ರಿಟಿಷ್ ಆಡಳಿತ ಭಾರತದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು ತಂದಿತ್ತು ಎಂಬುದನ್ನು ಕನ್ನಡಿಗರು ನೆನೆಯಬೇಕು. ಅಲ್ಲಿ ಇಡೀ ಸಮುದಾಯಗಳೇ ಹುಟ್ಟಿನಿಂದ ಅಪರಾಧಿಗಳೆಂಬ ಪಟ್ಟ ಹೊತ್ತವು. ಕನ್ನಡ ನೆಲದಲ್ಲೂ ಅಲೆಮಾರಿಗಳನ್ನು ಬೇಲಿಯೊಳಗಿಟ್ಟು ಹಾಜರಿ ತೆಗೆದುಕೊಳ್ಳುವ ವ್ಯವಸ್ಥೆ ಬಂತು. ಹುಬ್ಬಳ್ಳಿಯ ‘ಸೆಟ್ಲ್‌ಮೆಂಟ್’ ಎಂಬ ಬಡಾವಣೆಯ ಹೆಸರಿನಲ್ಲಿ ಆ ಚರಿತ್ರೆ ಉಳಿದಿದೆ. 1952ರ ಆಗಸ್ಟ್ 31ರವರೆಗೆ ಆ ಕಳಂಕ ಕಾನೂನಿನ ಪುಸ್ತಕದಿಂದ ಅಳಿಯಲಿಲ್ಲ. ಇಂಗ್ಲೆಂಡಿನ ದೋಣಿ ಕಾಯ್ದೆಗೂ ಈ ಕ್ರೌರ್ಯಕ್ಕೂ ಸಮೀಕರಣ ಸಲ್ಲದು. ಒಂದರ ಹಿಂದೆ ಮಕ್ಕಳ ಕುರಿತ ಕಾಳಜಿಯಿತ್ತು, ಇನ್ನೊಂದರ ಹಿಂದೆ ಆಳುವವರ ಭಯ ಮತ್ತು ತಿರಸ್ಕಾರವಿತ್ತು. ಆದರೆ ಎರಡರ ಆಳದಲ್ಲೂ ಒಂದೇ ನಂಬಿಕೆ ಕೆಲಸ ಮಾಡಿದೆ: ಕಾಯಂ ನೆಲೆಯುಳ್ಳವನು ಸಹಜ ಪ್ರಜೆ, ಅದಿಲ್ಲದವನು ತನ್ನನ್ನು ರುಜುವಾತುಪಡಿಸಿಕೊಳ್ಳಬೇಕಾದವನು. ಸ್ಥಾವರ ಮತ್ತು ಜಂಗಮಗಳ ಅಂತರವನ್ನು ಒಂಬತ್ತು ಶತಮಾನಗಳ ಹಿಂದೆಯೇ ಚಿಂತಿಸಿದ ಭಾಷೆಗೆ ಈ ನಂಬಿಕೆಯನ್ನು ಪ್ರಶ್ನಿಸುವುದು ಕಷ್ಟವಾಗಬಾರದು.

ಹಾಗೆಂದು ಅಲೆದಾಟವನ್ನು ಹಾಡಿ ಹೊಗಳುವುದು ಪ್ರಗತಿಪರ ನಿಲುವಾಗದು. ಇಕ್ಕಟ್ಟಾದ ಕೋಣೆಯಲ್ಲಿ ಹಬ್ಬುವ ರೋಗ, ಕೂಲಿಯಿಲ್ಲದೆ ದುಡಿಯುವ ಹೆಣ್ಣು, ಶಾಲೆ ತಪ್ಪಿದ ಮಗು ಇವೆಲ್ಲ ನಿಜ. ಸುಧಾರಕರು ದೋಣಿಯಲ್ಲಿ ಕೊಳಕನ್ನಷ್ಟೇ ಕಂಡರೆ, ರೋಲ್ಟರಂತಹ ಭಾವುಕರು ಯಂತ್ರಯುಗ ಮುಟ್ಟದ ಒಂದು ಸಂಸ್ಕೃತಿಯನ್ನು ಕಂಡರು. ಆ ಜನರಿಗೆ ಏನು ಬೇಕಿತ್ತೆಂದು ಅವರನ್ನೇ ಕೇಳಿದವರು ವಿರಳ. ಆ ವಿರಳರಲ್ಲಿ ಸೋನಿಯಾ ಎಂಬ ಹೆಣ್ಣುಮಗಳೊಬ್ಬಳು. ಯುದ್ಧಕಾಲದಲ್ಲಿ ಸರಕುದೋಣಿ ನಡೆಸಲು ತರಬೇತಿ ಪಡೆದು ಬಂದ ಆಕೆ ದೋಣಿಕಾರನೊಬ್ಬನನ್ನು ಮದುವೆಯಾಗಿ ಅವರ ನಡುವೆಯೇ ಬಾಳಿದಳು. ಅವರ ದುಡಿಮೆಯ ಸ್ಥಿತಿಗತಿ ಸುಧಾರಿಸಲು ಹೋರಾಡಿದಳು. ಮುಂದೆ ರೋಲ್ಟರ ಎರಡನೆಯ ಹೆಂಡತಿಯಾದವಳೂ ಆಕೆಯೇ. ರೋಲ್ಟರ ಪರವಾಗಿ ಒಂದು ಮಾತನ್ನು ಹೇಳಲೇಬೇಕು: ಎಲ್ಲ ಕಾಲುವೆಗಳನ್ನೂ ಒಂದೇ ಸಮನಾಗಿ ಉಳಿಸಬೇಕೆಂಬ ಐಕ್‌ಮನ್ನರ ಹಟಕ್ಕೆದುರಾಗಿ, ಜನ ಇನ್ನೂ ದುಡಿದು ಬದುಕುತ್ತಿರುವ ಕಾಲುವೆಗಳಿಗೆ ಮೊದಲ ಗಮನ ಸಲ್ಲಬೇಕೆಂದು ಅವರು ನಿಂತರು. ಅದರ ಬೆಲೆಯಾಗಿ, ತಾವೇ ಕಟ್ಟಿದ ಸಂಘಟನೆಯಿಂದ 1951ರಲ್ಲಿ ಹೊರಬಿದ್ದರು. ಅದೇ ವರ್ಷ ಆ್ಯಂಜೆಲಾ ಜೊತೆಗಿನ ಬಾಳೂ ದೋಣಿಯ ವಾಸವೂ ಮುಗಿದವು.

ಕಾಲುವೆಗಳು ಉಳಿದವು, ಅವುಗಳ ಜನ ಉಳಿಯಲಿಲ್ಲ. 1962–63ರ ಕಡುಚಳಿಯಲ್ಲಿ ನೀರು ಹೆಪ್ಪುಗಟ್ಟಿ ಸಾಗಣೆ ನಿಂತಿತು. 1963ರಲ್ಲಿ ಸಾರ್ವಜನಿಕ ವಲಯದ ದೋಣಿಸಾಗಣೆ ಬಹುಪಾಲು ಕೊನೆಗೊಂಡಿತು. ದುಡಿಮೆಯ ದೋಣಿ ವಿಹಾರದ ದೋಣಿಯಾಯಿತು.

ಈಗ ಚಕ್ರ ಇನ್ನೊಂದು ಸುತ್ತು ತಿರುಗಿದೆ. ಲಂಡನ್ನಿನಂತಹ ನಗರಗಳಲ್ಲಿ ಮನೆಬಾಡಿಗೆ ತೆರಲಾರದ ಎಷ್ಟೋ ಜನ ಮತ್ತೆ ದೋಣಿ ಹತ್ತಿದ್ದಾರೆ. ದೋಣಿ ಕಟ್ಟುವ ಕಾಯಂ ಜಾಗ ಅಲ್ಲಿ ವಿರಳ, ದುಬಾರಿ. ಅಂಥ ಜಾಗವಿಲ್ಲದವರಿಗೆ 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ ಒಂದು ದಾರಿ ಬಿಟ್ಟಿದೆ: ಒಂದೆಡೆ 14 ದಿನಕ್ಕಿಂತ ಹೆಚ್ಚು ನಿಲ್ಲದೆ, ಪ್ರಾಮಾಣಿಕವಾಗಿ ಸಂಚರಿಸುತ್ತಿರಬೇಕು, ಸಕಾರಣವಿದ್ದರೆ ಮಾತ್ರ ಇನ್ನಷ್ಟು ದಿನ ನಿಲ್ಲಬಹುದು. ಎಷ್ಟು ದೂರ ಹೋದರೆ ಸಂಚಾರವಾಗುತ್ತದೆ ಎಂದು ಕಾಯ್ದೆ ಹೇಳುವುದಿಲ್ಲ. ಮಗುವಿನ ಶಾಲೆ, ಆಸ್ಪತ್ರೆಯ ಚಿಕಿತ್ಸೆ, ದಿನಗೂಲಿಯ ಕೆಲಸ ಒಂದೇ ಊರಿನಲ್ಲಿದ್ದವರಿಗೆ ಈ ಅಸ್ಪಷ್ಟತೆಯೇ ತಲೆಯ ಮೇಲಿನ ಕತ್ತಿ. ಪರವಾನಗಿ ಹೋದರೆ ಮನೆಯೇ ಹೋಗುತ್ತದೆ. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾಲುವೆಗಳನ್ನು ನೋಡಿಕೊಳ್ಳುತ್ತಿರುವ ‘ಕೆನಾಲ್ ಅಂಡ್ ರಿವರ್ ಟ್ರಸ್ಟ್’, 2024ರ ಏಪ್ರಿಲ್‌ನಿಂದ ಕಾಯಂ ಜಾಗವಿಲ್ಲದ ದೋಣಿಗಳಿಗೆ ಹೆಚ್ಚುವರಿ ಶುಲ್ಕವನ್ನೂ ವಿಧಿಸಿದೆ.

ಟ್ರಸ್ಟ್‌ನ ವಾದವನ್ನು ತಳ್ಳಿಹಾಕುವಂತಿಲ್ಲ. ಇನ್ನೂರು ವರ್ಷ ಹಳೆಯ ಲಾಕ್, ಜಲಾಶಯ, ಸೇತುವೆಗಳ ದುರಸ್ತಿಗೆ ಅಪಾರ ಹಣ ಬೇಕು. 2027ರಿಂದ ತನ್ನ ಅನುದಾನ ತಗ್ಗಲಿದೆಯೆಂದು ಸರ್ಕಾರ 2023ರಲ್ಲೇ ಸಾರಿದೆ. ಜಾಗವನ್ನು ಎಲ್ಲರೂ ಹಂಚಿಕೊಳ್ಳಬೇಕೆಂಬುದೂ ನ್ಯಾಯವೇ. ಆದರೆ ಸಾರ್ವಜನಿಕ ಆಸ್ತಿಯಿಂದ ಸರ್ಕಾರ ಕೈ ತೆಗೆದಾಗ ಉಂಟಾದ ಕೊರತೆಯನ್ನು, ಮನೆಗಾಗಿ ಬೇರೆ ದಾರಿಯಿಲ್ಲದವರ ಜೇಬಿನಿಂದ ತುಂಬಿಸುವುದು ನ್ಯಾಯವಲ್ಲ. ಮನೆಗಳ ಬಿಕ್ಕಟ್ಟನ್ನು ನೆಲದ ಮೇಲೆ ಬಗೆಹರಿಸದೆ ನೀರಿನ ಮೇಲೆ ದಂಡ ವಿಧಿಸುವ ನೀತಿ ಇದು.

ದೇಶ ಬಿಟ್ಟು ಬಂದ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಹೊಸ ದೇಶದ ಮೊದಲ ತಿಂಗಳುಗಳಲ್ಲಿ ಬ್ಯಾಂಕ್ ಖಾತೆಗೆ ವಿಳಾಸದ ಪುರಾವೆ, ಬಾಡಿಗೆ ಮನೆಗೆ ಬ್ಯಾಂಕ್ ಖಾತೆ ಎಂಬ ಸುಳಿಯಲ್ಲಿ ಸಿಲುಕದವರು ಕಡಿಮೆ. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿ ಕನ್ನಡಿಗನ ಮತವೂ, ತಾನು ವಾಸವಿಲ್ಲದ, ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿದ ಊರಿನ ವಿಳಾಸಕ್ಕೆ ಕಟ್ಟುಬಿದ್ದಿದೆ. ಆ ಮತ ಹಾಕಲು ಅವನೇ ಅಲ್ಲಿಗೆ ಹೋಗಬೇಕು. ವ್ಯತ್ಯಾಸವೆಂದರೆ, ಪದವಿ ಮತ್ತು ಸಂಬಳವುಳ್ಳ ವಲಸಿಗ ಆ ಸುಳಿಯಿಂದ ಕೆಲವು ತಿಂಗಳಲ್ಲಿ ಪಾರಾಗುತ್ತಾನೆ. ತಾಯ್ನಾಡಿನ ಅಲೆಮಾರಿ ಕುಟುಂಬ ಗುಡಾರದ ವಿಳಾಸಕ್ಕೆ ಪಡಿತರ ಚೀಟಿ ಕೇಳುತ್ತ ತಲೆಮಾರುಗಳನ್ನೇ ಕಳೆಯುತ್ತದೆ. ಪಾರಾದವನು ತನ್ನ ಅಲೆದಾಟವನ್ನು ಸಾಧನೆಯೆಂದೂ ಅವರದ್ದನ್ನು ಹಿಂದುಳಿದಿರುವಿಕೆಯೆಂದೂ ಕರೆಯುವುದಾದರೆ, ಟಾರ್ಡೆಬಿಗ್‌ನ ದಂಪತಿಗೂ ಪಕ್ಕದ ಸರಕುದೋಣಿಯ ದಂಪತಿಗೂ ನಡುವೆ ಎಳೆದ ಗೆರೆಯನ್ನೇ ಅವನೂ ಎಳೆದಂತಾಗುತ್ತದೆ.

ಪರಿಹಾರ ಅಸಾಧ್ಯವಲ್ಲ. ಕಾಯಂ ವಿಳಾಸವಿಲ್ಲದವರು ಒಂದು ಊರಿನೊಂದಿಗಿರುವ ನಂಟನ್ನು ಘೋಷಿಸಿ ಮತದಾರರಾಗಬಹುದೆಂದು ಬ್ರಿಟನ್ 2000ದಲ್ಲೇ ಕಾನೂನು ಮಾಡಿದೆ. ಮತಕ್ಕೆ ಸಾಧ್ಯವಾದದ್ದು ಶಾಲೆಗೆ, ವೈದ್ಯರಿಗೆ, ವಾಸದ ಭದ್ರತೆಗೆ ಏಕೆ ಸಾಧ್ಯವಾಗಬಾರದು? ಶಾಲೆಯ ಅವಧಿಯಲ್ಲಿ ಮಗುವಿರುವ ದೋಣಿ ಒಂದೇ ವಲಯದಲ್ಲಿ ಸುಳಿದಾಡುವುದು ಸಕಾರಣವೆಂದು ಕಾಯ್ದೆ ಸ್ಪಷ್ಟವಾಗಿ ಹೇಳಬಹುದು. ಕಡಿಮೆ ಬಾಡಿಗೆಯ ಸಾರ್ವಜನಿಕ ತಾಣಗಳನ್ನು ನಗರಸಭೆಗಳು ಒದಗಿಸಬಹುದು. ಇವುಗಳಿಗಾಗಿ ದೋಣಿವಾಸಿಗಳು ಈಗಾಗಲೇ ದನಿಯೆತ್ತಿದ್ದಾರೆ. ಆ ದೇಶದಲ್ಲಿ ಮತ ಹಾಕುವ ಕನ್ನಡಿಗರು ತಮ್ಮ ಸಂಸದರಿಗೆ ಬರೆಯುವಾಗ ವೀಸಾ ಶುಲ್ಕದ ಜೊತೆಗೆ ಈ ವಿಷಯವನ್ನೂ ಸೇರಿಸಬೇಕು. ಹಕ್ಕು ಮನುಷ್ಯನಿಗೆ ಸೇರಿದ್ದು, ಅವನ ಬಾಗಿಲಿನ ಸಂಖ್ಯೆಗಲ್ಲ ಎಂಬ ಮಾತನ್ನು ವಲಸಿಗರಿಗಿಂತ ಹೆಚ್ಚು ಅರಿತು ಹೇಳಬಲ್ಲವರು ಯಾರು?