ನೋಡಿದವರ ಪಟ್ಟಿ ಕೇಳೋಣ



ರಸ್ತೆಯಲ್ಲಿ ವಾಹನಗಳ ನಂಬರ್ ಓದುವ ಕ್ಯಾಮೆರಾಕ್ಕೂ ಹೆಂಡತಿಯನ್ನು ಹೊಡೆಯುವ ಗಂಡನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಅಮೆರಿಕದಲ್ಲಿ ಅದು ಈಗಾಗಲೇ ಬಯಲಾಗಿದೆ.

ಅಲ್ಲಿ ಊರೂರಿನ ಕಂಬಗಳ ಮೇಲೆ ಇಂಥ ಕ್ಯಾಮೆರಾಗಳಿವೆ. ಹಾದುಹೋಗುವ ವಾಹನದ ನಂಬರ್, ಜಾಗ, ಹೊತ್ತು ಎಲ್ಲ ದಾಖಲಾಗುತ್ತದೆ. ಫ್ಲಾಕ್ ಎಂಬ ಕಂಪನಿಯ ಜಾಲದಲ್ಲಿ ಒಂದೂರಿನ ಪೊಲೀಸರು ಹುಡುಕಿದರೆ ದೂರದ ರಾಜ್ಯಗಳ ಕ್ಯಾಮೆರಾಗಳೂ ಉತ್ತರ ಕೊಡಬಲ್ಲವು. 2025ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಜಾನ್ಸನ್ ಕೌಂಟಿಯ ಷೆರೀಫ್ ಕಚೇರಿ, ಗರ್ಭಪಾತ ಮಾಡಿಕೊಂಡ ಒಬ್ಬ ಹೆಂಗಸನ್ನು ಹುಡುಕಲು 83,000ಕ್ಕೂ ಹೆಚ್ಚು ಕ್ಯಾಮೆರಾಗಳನ್ನು ಜಾಲಾಡಿತು. ಅವಳ ಸುರಕ್ಷತೆಗಾಗಿಯೇ ಹುಡುಕಿದೆವು ಎಂದರು ಅಧಿಕಾರಿಗಳು. 'ನಿನ್ನ ಒಳ್ಳೆಯದಕ್ಕೇ' ಎಂಬ ಮಾತನ್ನು ನಾವು ಎಷ್ಟು ಮನೆಗಳಲ್ಲಿ ಕೇಳಿಲ್ಲ! ಆಮೇಲೆ ಹೊರಬಂದ ಕಡತಗಳಲ್ಲಿ ಬೇರೆಯೇ ಇತ್ತು. ಅದನ್ನು ಸಾವಿನ ತನಿಖೆ ಎಂದು ದಾಖಲಿಸಿದ್ದರು. ಅವಳ ಮೇಲೆ ಮೊಕದ್ದಮೆ ಹೂಡಬಹುದೇ ಎಂದು ಸರ್ಕಾರಿ ವಕೀಲರನ್ನು ವಿಚಾರಿಸಿದ್ದರು. ದೂರು ಕೊಟ್ಟವನು ಅವಳ ಸಂಗಾತಿ; ಅವಳ ಮೇಲೆ ಹಲ್ಲೆ ಮಾಡಿದ ಆರೋಪ ಆಮೇಲೆ ಅವನ ಮೇಲೇ ಬಂತು.

ಇದು ತಿಳಿದದ್ದು ಹೇಗೆ? ಪ್ರತಿ ಹುಡುಕಾಟಕ್ಕೂ ಯಾರು, ಯಾವಾಗ, ಯಾವ ಕಾರಣಕ್ಕೆ ಎಂಬ ದಾಖಲೆ ಉಳಿಯುತ್ತದೆ. ಹುಡುಕಾಟ ಮುಟ್ಟಿದ ಬೇರೆ ಊರುಗಳಲ್ಲೂ ಉಳಿಯುತ್ತದೆ. ಪತ್ರಕರ್ತರು ಸಾರ್ವಜನಿಕ ದಾಖಲೆಗಳ ಕಾನೂನಿನಡಿ ಆ ಪಟ್ಟಿಯನ್ನು ಪಡೆದರು. ನಮ್ಮ ಸಂಘದ ಲೆಕ್ಕದ ಪುಸ್ತಕದ ಹಾಗೆಯೇ ಅದು.

ಪುಸ್ತಕದಲ್ಲಿ ಬರೆದದ್ದೆಲ್ಲ ನಿಜವಲ್ಲ, ಬಿಡಿ. ಹಾಜರಿ ಪುಸ್ತಕ ತಿದ್ದುವವರನ್ನು ನಾನು ಕಾಲೇಜಿನಲ್ಲಿ ನೋಡಿದ್ದೇನೆ. ಕಾನ್ಸಸ್ ರಾಜ್ಯದ ಸೆಡ್ಜ್‌ವಿಕ್ ಎಂಬ ಪುಟ್ಟ ಊರಿನ ಪೊಲೀಸ್ ಮುಖ್ಯಸ್ಥ 2023ರಲ್ಲಿ ತನ್ನ ಹಿಂದಿನ ಗೆಳತಿ ಮತ್ತು ಅವಳ ಹೊಸ ಗೆಳೆಯನ ವಾಹನಗಳನ್ನು 228 ಸಲ ಹುಡುಕಿದ. ಕಾರಣದ ಜಾಗದಲ್ಲಿ 'ಕಾಣೆಯಾದ ಮಗು', 'ಮಾದಕವಸ್ತು ತನಿಖೆ' ಎಂದೆಲ್ಲ ಬರೆದ. ಪಟ್ಟಿ ಕೈಗೆ ಸಿಕ್ಕರೆ, ಅವೇ ನಂಬರುಗಳನ್ನು ಇಷ್ಟು ಸಲ ಹುಡುಕಿದ್ದೇಕೆ ಎಂದು ಯಾವ ಹೆಂಗಸಾದರೂ ಕೇಳಿಯಾಳು.

2025ರ ನವೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯ ನ್ಯಾಯಾಲಯ, ಈ ಕ್ಯಾಮೆರಾಗಳ ಚಿತ್ರಗಳೂ ಸಾರ್ವಜನಿಕ ದಾಖಲೆಗಳೇ ಎಂದಿತು. ನನಗೆ ಪೂರಾ ಸಂತೋಷವಾಗಲಿಲ್ಲ. ಯಾರು ಕೇಳಿದರೂ ಚಿತ್ರ ಸಿಗುವುದಾದರೆ, ಮನೆ ಬಿಟ್ಟುಬಂದ ಹೆಂಡತಿ ಯಾವ ಬೀದಿಯಲ್ಲಿದ್ದಾಳೆಂದು ತಿಳಿಯಲು ಗಂಡನೂ ಅರ್ಜಿ ಹಾಕಬಹುದಲ್ಲ! ನಾವು ಕೇಳಬೇಕಾದ್ದು ನೋಡಿದವರ ಪಟ್ಟಿಯನ್ನು. ಯಾವ ಹೆಣ್ಣಿನ ಚಿತ್ರವನ್ನೂ ಅಲ್ಲ.

ನಂಬರ್ ಓದುವ ಕ್ಯಾಮೆರಾ ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಗೂ ಬಂದಿದೆ. ಬೆಂಗಳೂರಿನ ಸೇಫ್ ಸಿಟಿ ಕ್ಯಾಮೆರಾಗಳಂತೂ ನಿರ್ಭಯಾ ನಿಧಿಯಿಂದ, ಅಂದರೆ ನಮ್ಮ ಹೆಸರಿನಲ್ಲೇ ಬಂದವು. 2005ರ ಮಾಹಿತಿ ಹಕ್ಕು ಕಾಯಿದೆ ನಮ್ಮ ಕೈಯಲ್ಲಿದೆ. ಶುಲ್ಕ 10 ರೂಪಾಯಿ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಅಷ್ಟು ಸಾಕು. 'ಯಾಕೆ' ಎಂದು ಕೇಳಬೇಡಿ, ದಾಖಲೆಯ ಪ್ರತಿ ಕೇಳಿ: ನಮ್ಮ ತಾಲ್ಲೂಕಿನ ಕ್ಯಾಮೆರಾಗಳ ಸಂಖ್ಯೆ, ಚಿತ್ರಗಳನ್ನು ಎಷ್ಟು ದಿನ ಇಡಬೇಕೆಂಬ ಆದೇಶ, ಹುಡುಕಲು ಯಾವ ದರ್ಜೆಯವರಿಗೆ ಅನುಮತಿ, ಕಳೆದ ವರ್ಷದ ಹುಡುಕಾಟಗಳ ಸಂಖ್ಯೆ, ಅವನ್ನು ತನಿಖೆ ಮಾಡಿದ ವರದಿ. ಅರ್ಜಿ ಕೊಟ್ಟ ರಸೀದಿಯನ್ನು ತಪ್ಪದೆ ಪಡೆಯಿರಿ. ಉತ್ತರಕ್ಕೆ 30 ದಿನದ ಗಡುವು.